‘ಹೋಯಿತು’ ಎಂದರೆ ಎಲ್ಲಿಗೆ ಹೋಯಿತು? ಉಪ್ಪು, ಸುಣ್ಣ ಮತ್ತು ನಮ್ಮ ವಿಜ್ಞಾನದ ಪಾಠ

ಸಂಪಾದಕರಿಗೆ,

ಮಾನ್ಯರೆ,

ಏಳನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಕಳೆದ ತಿಂಗಳು ವಿಜ್ಞಾನದ ಕಿರುಪರೀಕ್ಷೆಯ ಉತ್ತರ ಪತ್ರಿಕೆಯನ್ನು ಮನೆಗೆ ತಂದಿದ್ದಳು. ‘ರಾಸಾಯನಿಕ ಬದಲಾವಣೆಯನ್ನು ಹಿಂದಕ್ಕೆ ತರಲು ಸಾಧ್ಯವಿಲ್ಲ, ಸರಿಯೋ ತಪ್ಪೋ ತಿಳಿಸಿ’ ಎಂಬ ಪ್ರಶ್ನೆಗೆ ಅವಳು ‘ತಪ್ಪು’ ಎಂದು ಬರೆದು, ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ‘ಗೋಡೆಗೆ ಬಳಿದ ಸುಣ್ಣ ಮತ್ತೆ ಚಿಪ್ಪಿನಲ್ಲಿದ್ದ ವಸ್ತುವೇ ಆಗುತ್ತದೆ’ ಎಂದು ಕಾರಣವನ್ನೂ ಕೊಟ್ಟಿದ್ದಳು. ಅದರ ಮೇಲೆ ಕೆಂಪು ಶಾಯಿಯ ಗೆರೆ ಬಿದ್ದಿತ್ತು. ಒಂದು ಅಂಕದ ವಿಷಯವನ್ನು ಪತ್ರಿಕೆಯವರೆಗೆ ತರುವುದಾಗಲಿ, ಆ ಶಾಲೆಯನ್ನೋ ಶಿಕ್ಷಕರನ್ನೋ ದೂರುವುದಾಗಲಿ ನನ್ನ ಉದ್ದೇಶವಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸಿದ ನಾನೂ ಮೊದಲ ಕೆಲವು ವರ್ಷ ಇದೇ ವಾಕ್ಯವನ್ನು ಹಲಗೆಯ ಮೇಲೆ ಬರೆದು ಮಕ್ಕಳಿಂದ ಬರೆಸಿದ್ದೇನೆ. ಆ ವಾಕ್ಯ ತಪ್ಪು, ಮಗುವಿನ ಉತ್ತರ ಸರಿ ಎಂಬುದನ್ನು ನಮ್ಮ ಕರಾವಳಿಯ ವಸ್ತುಗಳನ್ನೇ ಮುಂದಿಟ್ಟು ವಿವರಿಸಲು ಈ ಪತ್ರ ಬರೆಯುತ್ತಿದ್ದೇನೆ.

ಅಘನಾಶಿನಿ ನದಿಯ ಅಳಿವೆಯಲ್ಲಿ ಸಿಗುವ ಬಳಚು ಎಂಬ ಚಿಪ್ಪುಜೀವಿಯ ಮಾಂಸ ತೆಗೆದ ಮೇಲೆ ಉಳಿಯುವ ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಇಂಥ ಚಿಪ್ಪನ್ನು ಸುಣ್ಣದ ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಬಿದ್ದು ಸುಟ್ಟ ಸುಣ್ಣ, ಅಂದರೆ ಕ್ಯಾಲ್ಸಿಯಂ ಆಕ್ಸೈಡ್ ಉಳಿಯುತ್ತದೆ. ಲೆಕ್ಕ ಬಹಳ ಸೊಗಸಾಗಿದೆ: 100 ಗ್ರಾಂ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ 56 ಗ್ರಾಂ ಸುಟ್ಟ ಸುಣ್ಣ ಉಳಿದು 44 ಗ್ರಾಂ ಅನಿಲ ಗಾಳಿ ಸೇರುತ್ತದೆ. ಭಟ್ಟಿಗೆ ಹೊತ್ತು ಹಾಕಿದ ಭಾರಕ್ಕಿಂತ ಹೊರತೆಗೆದ ಭಾರ ಕಡಿಮೆಯೆಂಬುದು ಭಟ್ಟಿಯಲ್ಲಿ ದುಡಿದವರ ಹೆಗಲಿಗೆ ಗೊತ್ತು. ಆ 56 ಗ್ರಾಮಿಗೆ 18 ಗ್ರಾಂ ನೀರು ಸೇರಿದರೆ ಅದು ಬಿಸಿಯಾಗಿ, ಹಬೆ ಕಾರುತ್ತ, ಗಟ್ಟಿ ಚಿಪ್ಪಿನ ರೂಪ ಕಳೆದುಕೊಂಡು ಬಿಳಿ ಹಿಟ್ಟಾಗಿ ಅರಳುತ್ತದೆ. ತೂಕ 74 ಗ್ರಾಂ. ಸುಣ್ಣ ‘ಅರಳುವುದು’ ಎಂಬ ನಮ್ಮ ಜನರ ಮಾತಿಗಿಂತ ಚೆನ್ನಾದ ಪದವನ್ನು ಈ ಕ್ರಿಯೆಗೆ ಯಾವ ಪಠ್ಯಪುಸ್ತಕವೂ ಕೊಟ್ಟಿಲ್ಲ.

ಇನ್ನು ಮುಂದಿನ ಹಂತ. ಅರಳಿದ ಸುಣ್ಣವನ್ನು ನೀರಿನಲ್ಲಿ ಕಲಸಿ ಗೋಡೆಗೆ ಬಳಿದರೆ ಮೊದಲ ದಿನ ಮುಟ್ಟಿದ ಕೈಗೆ ಬಿಳಿ ಹತ್ತುತ್ತದೆ. ಎರಡು ಮೂರು ದಿನ ಕಳೆದ ಮೇಲೆ ಗಟ್ಟಿಯಾಗಿ ಹೊಳಪು ಬರುತ್ತದೆ. ಬರೀ ಒಣಗಿದ್ದರಿಂದ ಆ ಗಟ್ಟಿತನ ಬಂದದ್ದಲ್ಲ. 74 ಗ್ರಾಂ ಅರಳಿದ ಸುಣ್ಣ ಗಾಳಿಯಿಂದ 44 ಗ್ರಾಂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು, 18 ಗ್ರಾಂ ನೀರನ್ನು ಬಿಟ್ಟುಕೊಟ್ಟು, ಮತ್ತೆ 100 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಭಟ್ಟಿಯಲ್ಲಿ ಬಿಟ್ಟ 44 ಗ್ರಾಂ ಗೋಡೆಯ ಮೇಲೆ ಮರಳಿ ಬಂತು, ಅರಳಿಸುವಾಗ ಕುಡಿದ 18 ಗ್ರಾಂ ಹೊರಗೆ ಹೋಯಿತು. ಚಿಪ್ಪು ಸುಣ್ಣವಾಗಿ, ಸುಣ್ಣ ಮತ್ತೆ ಚಿಪ್ಪಿನ ವಸ್ತುವಾಗುವ ಈ ಸುತ್ತಿನಲ್ಲಿ ನಡೆದ ಮೂರೂ ಬದಲಾವಣೆಗಳು ರಾಸಾಯನಿಕವೇ, ಏಕೆಂದರೆ ಪ್ರತಿ ಹಂತದಲ್ಲಿಯೂ ಬೇರೆ ಗುಣದ ಹೊಸ ವಸ್ತು ಹುಟ್ಟಿದೆ. ಆದರೂ ಸುತ್ತು ಹೊರಟಲ್ಲಿಗೇ ಬಂದು ನಿಂತಿದೆ. ಕವಳದ (ಎಲೆಯಡಿಕೆಯ) ಬಟ್ಟಲಿನಲ್ಲಿರುವ ಸುಣ್ಣದ ಡಬ್ಬಿಯ ಮುಚ್ಚಳವನ್ನು ತೆರೆದಿಟ್ಟರೆ ನನ್ನ ತಾಯಿ ಗದರಿಸುತ್ತಿದ್ದರು. ಗಾಳಿ ತಾಗಿದ ಸುಣ್ಣ ಎಲೆಗೆ ಹಚ್ಚಲು ಬಾರದೆ ಗಂಟುಗಟ್ಟುವುದೇಕೆ ಎಂಬ ಕಾರಣ ಅವರಿಗೆ ತಿಳಿದಿರಲಿಲ್ಲ, ಆದರೆ ಅವರ ಗಮನಿಕೆ ನೂರಕ್ಕೆ ನೂರು ಸರಿಯಾಗಿತ್ತು.

ಹಿಂದಕ್ಕೆ ಬರುವ ರಾಸಾಯನಿಕ ಬದಲಾವಣೆಗೆ ಇದಕ್ಕಿಂತಲೂ ಬೇಗ ತೋರಿಸಬಹುದಾದ ಉದಾಹರಣೆ ಪ್ರತಿ ಮನೆಯ ಆರತಿಯ ತಟ್ಟೆಯಲ್ಲಿದೆ. ಅರಿಸಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ. ಅದಕ್ಕೆ ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿ. ಇನ್ನು ಮರಳಿ ಬಾರದ ಭೌತ ಬದಲಾವಣೆ, ಅಂದರೆ ಹೊಸ ವಸ್ತು ಹುಟ್ಟದ ಬದಲಾವಣೆ ಬೇಕೆಂದರೆ ಅದೇ ಕವಳದ ಬಟ್ಟಲಿನಲ್ಲಿ ಅಡಕತ್ತರಿ ಇದೆ. ಹೋಳು ಮಾಡಿದ ಅಡಿಕೆ ಮತ್ತೆ ಇಡಿಯಾಗುವುದಿಲ್ಲ, ಹೆರೆದ ಕಾಯಿ ಮತ್ತೆ ಕರಟಕ್ಕೆ ಅಂಟುವುದಿಲ್ಲ, ಬೀಸಿದ ಅಕ್ಕಿ ಕಾಳಾಗುವುದಿಲ್ಲ. ಆದರೂ ಅವೆಲ್ಲ ಮೊದಲಿದ್ದ ವಸ್ತುಗಳೇ ಹೊರತು ಹೊಸವೇನೂ ಅಲ್ಲ. ನಾವು ಪಾಠ ಮಾಡುತ್ತಿದ್ದ ಪುಸ್ತಕದಲ್ಲಿ ಭೌತ ಬದಲಾವಣೆ ‘ಸಾಮಾನ್ಯವಾಗಿ’ ಹಿಂದಕ್ಕೆ ತರಬಹುದಾದದ್ದು ಎಂಬ ಎಚ್ಚರದ ಮಾತಿತ್ತು. ಗೈಡುಗಳಲ್ಲಿಯೂ ಪ್ರಶ್ನೆಪತ್ರಿಕೆಗಳಲ್ಲಿಯೂ ಆ ‘ಸಾಮಾನ್ಯವಾಗಿ’ ಉದುರಿಹೋಗಿ, ಉಳಿದರ್ಧ ನಿಯಮವಾಗಿ ಕುಳಿತಿದೆ. ಮಕ್ಕಳು ಕೇಳಬೇಕಾದ ಪ್ರಶ್ನೆ ಒಂದೇ: ಹೊಸ ವಸ್ತು ಹುಟ್ಟಿತೋ ಇಲ್ಲವೋ?

ಸುಣ್ಣಕ್ಕೆ ಜೊತೆಯಾಗಿ ನೋಡಬೇಕಾದದ್ದು ಉಪ್ಪು. ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಉಪ್ಪಿನ ಆಗರಗಳಲ್ಲಿ ನಡೆಯುವುದು ಭೌತ ಬದಲಾವಣೆಯ ದೊಡ್ಡ ಪ್ರಯೋಗ. ಒಂದು ಕಿಲೋ ತೆರೆದ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ, ಅದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನಾವು ಉಣ್ಣುವ ಉಪ್ಪು. ನೀರನ್ನು ಮಡಿಯಿಂದ ಮಡಿಗೆ ಹಾಯಿಸುತ್ತ ಬಿಸಿಲಿಗೆ ಗಟ್ಟಿಮಾಡುವಾಗ ಮೊದಲು ಸುಣ್ಣದ ಅಂಶ, ಆಮೇಲೆ ಜಿಪ್ಸಂ ಕೆಳಗೆ ಕೂರುತ್ತವೆ. ಅನಂತರ ಉಪ್ಪು ಹರಳುಗಟ್ಟುತ್ತದೆ. ಕೊನೆಗೆ ಉಳಿಯುವ ಕಹಿನೀರಿನಲ್ಲಿ ಮೆಗ್ನೀಸಿಯಂ ಲವಣಗಳಿರುತ್ತವೆ. ಇಲ್ಲಿ ಉಪ್ಪನ್ನು ಯಾರೂ ‘ಮಾಡುವುದಿಲ್ಲ’. ಇದ್ದ ಉಪ್ಪಿನಿಂದ ನೀರನ್ನು ಬೇರೆ ಮಾಡುತ್ತಾರೆ. ಆಗರದ ಉಪ್ಪನ್ನು ಮನೆಯಲ್ಲಿ ಕರಗಿಸಿದರೆ ಅದೇ ಕೆಲಸ ಹಿಮ್ಮುಖವಾಗಿ ನಡೆಯುತ್ತದೆ. 35 ಗ್ರಾಂ ಉಪ್ಪನ್ನು 965 ಗ್ರಾಂ ನೀರಿಗೆ ಹಾಕಿ ಕದಡಿದರೆ ತಕ್ಕಡಿ 1000 ಗ್ರಾಮನ್ನೇ ತೋರಿಸುತ್ತದೆ, ಕಣ್ಣಿಗೆ ಉಪ್ಪು ಕಾಣದಿದ್ದರೂ. ಕರಗುವಾಗ ಉಪ್ಪಿನ ಹರಳು ಒಡೆದು ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳು (ವಿದ್ಯುದಾವೇಶವಿರುವ ಕಣಗಳು) ನೀರಿನಲ್ಲಿ ಬೇರೆ ಬೇರೆಯಾಗುತ್ತವೆ ಎಂದು ಜಾಣ ವಿದ್ಯಾರ್ಥಿ ಆಕ್ಷೇಪ ಎತ್ತಿದರೆ ಅವನನ್ನು ಕೂರಿಸಬಾರದು. ಭೌತ ಮತ್ತು ರಾಸಾಯನಿಕ ಎಂಬ ಎರಡು ಹೊಲಗಳ ನಡುವಿನ ಬದು ಎಲ್ಲ ಕಡೆಯೂ ಒಂದೇ ಎತ್ತರದಲ್ಲಿಲ್ಲ ಎಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕವಾದ ಪಾಠ. ಶಿರಸಿಯ ಕಡೆಯ ಆಲೆಮನೆಯಲ್ಲಿ ಒಂದೇ ಕೊಪ್ಪರಿಗೆಯೊಳಗೆ ಎರಡೂ ನಡೆಯುತ್ತವೆ. ಕಬ್ಬಿನ ಹಾಲಿನ ನೀರು ಹಬೆಯಾಗುವುದು ಭೌತ ಬದಲಾವಣೆ, ಬೆಲ್ಲಕ್ಕೆ ಆ ಕಂದು ಬಣ್ಣವೂ ಪರಿಮಳವೂ ಬರುವುದು ರಾಸಾಯನಿಕ ಬದಲಾವಣೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತಿಗೆ ಬರುತ್ತೇನೆ. ನಮ್ಮ ಕನ್ನಡದಲ್ಲಿ ಇಂಥ ಬದಲಾವಣೆಗಳನ್ನು ಹೇಳುವಾಗ ಕ್ರಿಯಾಪದದ ಬಾಲಕ್ಕೆ ‘ಹೋಯಿತು’ ಸೇರಿಸುವುದು ರೂಢಿ. ಉಪ್ಪು ಕರಗಿಹೋಯಿತು, ಕೆರೆ ಬತ್ತಿಹೋಯಿತು, ಕಟ್ಟಿಗೆ ಸುಟ್ಟುಹೋಯಿತು. ಭಾಷೆಯ ದೃಷ್ಟಿಯಿಂದ ಇದರಲ್ಲಿ ತಪ್ಪೇನಿಲ್ಲ, ನುಡಿಯ ಸಹಜ ಬೆಡಗು ಅದು. ಆದರೆ ದಿನವೂ ಹಾಗೆ ಕೇಳುವ ಮಗುವಿನ ಮನಸ್ಸಿನಲ್ಲಿ ವಸ್ತು ಇಲ್ಲವಾಯಿತು ಎಂಬ ಚಿತ್ರ ನಿಂತುಬಿಡುತ್ತದೆ. ಬಚ್ಚಲ ಒಲೆಗೆ ಹಾಕಿದ ಒಂದು ಹೊರೆ ಕಟ್ಟಿಗೆ ಬೆಳಗಾಗುವಷ್ಟರಲ್ಲಿ ಎರಡು ಹಿಡಿ ಬೂದಿಯಾಗಿರುವುದನ್ನು ತೋರಿಸಿ ಮೊಮ್ಮಗಳು ಒಮ್ಮೆ ‘ಅಜ್ಜ, ಸುಟ್ಟುಹೋಯಿತು ಅಂತೀರಲ್ಲ, ಎಲ್ಲಿಗೆ ಹೋಯಿತು?’ ಎಂದು ಕೇಳಿದ್ದಳು. ಬದಲಾವಣೆಯ ಮೊದಲೂ ಆಮೇಲೂ ವಸ್ತುವಿನ ಒಟ್ಟು ರಾಶಿ ಒಂದೇ ಎನ್ನುವ ರಾಶಿ ಸಂರಕ್ಷಣಾ ನಿಯಮದ ತಿರುಳೆಲ್ಲ ಆ ಪ್ರಶ್ನೆಯಲ್ಲಿದೆ. ಕಟ್ಟಿಗೆಯ ಮುಖ್ಯ ಅಂಶವಾದ ಸೆಲ್ಯುಲೋಸನ್ನು ತೆಗೆದುಕೊಂಡರೆ, ಅದರ 162 ಗ್ರಾಂ ಪೂರ್ತಿ ಉರಿಯಲು ಗಾಳಿಯಿಂದ 192 ಗ್ರಾಂ ಆಮ್ಲಜನಕ ಬೇಕು. ಹುಟ್ಟುವುದು 264 ಗ್ರಾಂ ಇಂಗಾಲದ ಡೈಆಕ್ಸೈಡ್ ಮತ್ತು 90 ಗ್ರಾಂ ನೀರಾವಿ. ಒಲೆಯೊಳಗೆ ಸೇರಿದ್ದೂ 354 ಗ್ರಾಂ, ಹೊರಬಂದದ್ದೂ 354 ಗ್ರಾಂ. ಬೂದಿ ಎಂಬುದು ಮರ ಮಣ್ಣಿನಿಂದ ಎಳೆದುಕೊಂಡಿದ್ದ ಖನಿಜಗಳ ಸಣ್ಣ ಶೇಷ ಮಾತ್ರ. ಸುಟ್ಟದ್ದು ಹಗುರವಾಗಲಿಲ್ಲ, ಗಾಳಿಯ ಪಾಲನ್ನೂ ಸೇರಿಸಿಕೊಂಡು, ಹಾಕಿದ ಕಟ್ಟಿಗೆಗಿಂತ ಹೆಚ್ಚು ತೂಕವಾಗಿ ಹೊಗೆಗೂಡಿನಿಂದ ಹೊರಗೆ ನಡೆಯಿತು. ಅಡುಗೆ ಅನಿಲದ ಸಿಲಿಂಡರಿನಲ್ಲಿ 14.2 ಕಿಲೋ ಅನಿಲವಿರುತ್ತದೆ. ಅದು ಮುಗಿಯುವಷ್ಟರಲ್ಲಿ ಆ ಅಡುಗೆಮನೆಯಿಂದ ಹೊರಬಿದ್ದ ಇಂಗಾಲದ ಡೈಆಕ್ಸೈಡ್ 42 ಕಿಲೋಗೂ ಹೆಚ್ಚು ಎಂದರೆ ದೊಡ್ಡವರೂ ನಂಬುವುದಿಲ್ಲ, ಲೆಕ್ಕ ಹಾಕಿ ತೋರಿಸಬೇಕಾಗುತ್ತದೆ.

ಗಾಳಿಯನ್ನು ಲೆಕ್ಕಕ್ಕೆ ಹಿಡಿಯದೆ ಮೋಸಹೋದವರಲ್ಲಿ ಮಹಾಮೇಧಾವಿಗಳೂ ಇದ್ದರು. ಹದಿನೇಳನೆಯ ಶತಮಾನದಲ್ಲಿ ರಾಬರ್ಟ್ ಬಾಯ್ಲ್ ತವರವನ್ನು ಗಾಜಿನ ಪಾತ್ರೆಯಲ್ಲಿಟ್ಟು, ಬಾಯಿ ಮುಚ್ಚಿ ಕಾಯಿಸಿ, ಆಮೇಲೆ ಪಾತ್ರೆಯನ್ನು ತೆರೆದು ತೂಗಿದ. ತೂಕ ಹೆಚ್ಚಾಗಿತ್ತು. ಬೆಂಕಿಯ ಸೂಕ್ಷ್ಮ ಕಣಗಳು ಗಾಜಿನ ಮೂಲಕ ಒಳಗೆ ನುಸುಳಿ ಲೋಹಕ್ಕೆ ಸೇರಿಕೊಂಡಿವೆ ಎಂದು ಅವನು ತೀರ್ಮಾನಿಸಿದ. ಅವನ ತಕ್ಕಡಿಯಲ್ಲಿ ದೋಷವಿರಲಿಲ್ಲ. ತೂಗುವ ಮೊದಲು ಪಾತ್ರೆಯನ್ನು ತೆರೆದದ್ದೇ ದೋಷ, ತೆರೆದ ಕ್ಷಣದಲ್ಲಿ ಹೊರಗಿನ ಗಾಳಿ ಒಳನುಗ್ಗಿತ್ತು. 1756ರಲ್ಲಿ ರಷ್ಯಾದ ಮಿಖಾಯಿಲ್ ಲೊಮೊನೊಸೊವ್ ಪಾತ್ರೆಯನ್ನು ತೆರೆಯದೆ ತೂಗಿ ತೂಕ ಬದಲಾಗುವುದಿಲ್ಲವೆಂದು ಕಂಡುಕೊಂಡರು. 1774ರಲ್ಲಿ ಫ್ರಾನ್ಸಿನ ಆಂಟ್ವಾನ್ ಲವಾಸಿಯೇ ಮುಚ್ಚಿದ ಪಾತ್ರೆಯನ್ನು ಕಾಯಿಸುವ ಮೊದಲೂ, ಕಾಯಿಸಿದ ಮೇಲೂ, ತೆರೆದ ಮೇಲೂ ತೂಗಿ, ತೆರೆದಾಗ ಒಳಬಂದ ಗಾಳಿಯ ತೂಕವೇ ಲೋಹಕ್ಕೆ ಸೇರಿದ ತೂಕವೆಂದು ತೋರಿಸಿದರು. 1789ರಲ್ಲಿ ಅಚ್ಚಾದ ತಮ್ಮ ರಸಾಯನಶಾಸ್ತ್ರದ ಗ್ರಂಥದಲ್ಲಿ, ಯಾವ ಕ್ರಿಯೆಯಲ್ಲಿಯೂ ವಸ್ತು ಹೊಸದಾಗಿ ಸೃಷ್ಟಿಯಾಗುವುದಿಲ್ಲ, ಮೊದಲೆಷ್ಟಿತ್ತೋ ಕೊನೆಗೂ ಅಷ್ಟೇ ಇರುತ್ತದೆ ಎಂಬುದನ್ನು ಮೂಲತತ್ತ್ವವಾಗಿ ಮುಂದಿಟ್ಟರು. ಲವಾಸಿಯೇ ಅವರಿಗಿಂತ ಮೊದಲು, 1750ರ ದಶಕದಲ್ಲಿ, ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಮೂತ್ರಕೋಶದ ಕಲ್ಲಿಗೆ ಔಷಧ ಹುಡುಕುತ್ತ ಸುಣ್ಣದ ನೀರಿನ ವಿಚಾರಕ್ಕೆ ಬಂದು, ಸುಣ್ಣದ ಕಲ್ಲನ್ನು ಸುಟ್ಟಾಗ ಕಡಿಮೆಯಾಗುವ ತೂಕ ಒಂದು ಬಗೆಯ ಗಾಳಿಯದೆಂದು ತಕ್ಕಡಿಯ ಬಲದಿಂದ ತೋರಿಸಿದ್ದರು. ಆ ಗಾಳಿಯೇ ಇಂಗಾಲದ ಡೈಆಕ್ಸೈಡ್. ಬಳಚಿನ ಚಿಪ್ಪು ಸುಡುವ ನಮ್ಮ ಭಟ್ಟಿಗಳಲ್ಲಿ ನಡೆಯುವುದೂ ಬ್ಲ್ಯಾಕ್ ಎಡಿನ್‌ಬರೋದಲ್ಲಿ ತೂಗಿದ್ದೂ ಒಂದೇ ಕ್ರಿಯೆ ಎಂಬುದನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಮಕ್ಕಳ ಮುಖ ಅರಳುವುದನ್ನು ನಾನು ಕಂಡಿದ್ದೇನೆ.

ಈ ನಿಯಮ ಅಂಕಗಳಿಗಷ್ಟೇ ಬೇಕಾದದ್ದಲ್ಲ. ಊರಿನ ಬೀದಿಗಳಲ್ಲಿ, ಕಡಲ ತೀರದಲ್ಲಿ ಸಂಜೆಯಾದರೆ ಪ್ಲಾಸ್ಟಿಕ್ ರಾಶಿ ಹಾಕಿ ಬೆಂಕಿ ಕೊಡುವವರು ‘ಸುಟ್ಟರೆ ಹೋಯಿತು’ ಎನ್ನುತ್ತಾರೆ. ಹೋಗುವುದಿಲ್ಲ. ಕೈಚೀಲದ ಪಾಲಿಥಿನ್ 14 ಗ್ರಾಂ ಪೂರ್ತಿ ಉರಿದರೆ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗುತ್ತದೆ; ಬಯಲಿನಲ್ಲಿ ಅದು ಪೂರ್ತಿ ಉರಿಯುವುದೂ ಇಲ್ಲ, ಮಸಿಯಾಗಿ, ಕಾರ್ಬನ್ ಮಾನಾಕ್ಸೈಡ್ ಆಗಿ ಉಸಿರಿಗೆ ಬರುತ್ತದೆ. ಪಿವಿಸಿ ಪೈಪಿನ ತುಂಡು, ವೈರಿನ ಹೊದಿಕೆ ಸುಟ್ಟರೆ ಅದರಲ್ಲಿದ್ದ ಕ್ಲೋರಿನ್ ಹೈಡ್ರೋಜನ್ ಕ್ಲೋರೈಡ್ ಆಗಿ ಹೊರಡುತ್ತದೆ, ಕೆಮ್ಮು ತರಿಸುವ ಆಮ್ಲದ ಅನಿಲವದು. ಕಸ ಜಾಗ ಬದಲಿಸಿ ನೆಲದಿಂದ ಪುಪ್ಪುಸಕ್ಕೆ ಬಂದಿದೆ ಎಂಬುದನ್ನು ಏಳನೆಯ ತರಗತಿಯ ಮಗು ತಕ್ಕಡಿಯ ಲೆಕ್ಕದಿಂದಲೇ ಹೇಳಬಲ್ಲುದು.

ಕಾರವಾರದ ಕಡೆಯ ಮಕ್ಕಳು ಇನ್ನೊಂದು ಪ್ರಶ್ನೆ ಕೇಳುವುದುಂಟು: ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ದ್ರವ್ಯರಾಶಿಯೇ ಶಕ್ತಿಯಾಗುತ್ತದಂತಲ್ಲ, ಹಾಗಾದರೆ ಈ ನಿಯಮ ಸುಳ್ಳೇ? ಒಳ್ಳೆಯ ಪ್ರಶ್ನೆ, ಇದಕ್ಕೆ ಅಂಕೆಗಳಲ್ಲೇ ಉತ್ತರ ಕೊಡಬೇಕು. ಕೈಗಾದ 220 ಮೆಗಾವ್ಯಾಟಿನ ನಾಲ್ಕು ಘಟಕಗಳು ಪೂರ್ತಿ ಸಾಮರ್ಥ್ಯದಲ್ಲಿ ಒಂದು ಹಗಲು ಒಂದು ರಾತ್ರಿ ಕೊಡುವ ವಿದ್ಯುತ್ ಶಕ್ತಿಗೆ ಸಮನಾದ ದ್ರವ್ಯರಾಶಿ ಒಂದು ಗ್ರಾಮಿಗೂ ಕಡಿಮೆ. ಒಂದು ಕಿಲೋ ಇಂಗಾಲವನ್ನು ಒಲೆಯಲ್ಲಿ ಉರಿಸಿದಾಗ ಹೊರಬರುವ ಶಾಖಕ್ಕೆ ಸಮನಾದ ದ್ರವ್ಯರಾಶಿಯಾದರೋ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗೂ ಕಡಿಮೆ. ಶಾಲೆಯ ಯಾವ ತಕ್ಕಡಿಗೂ ಅದು ಎಟುಕುವುದಿಲ್ಲ. ಆದ್ದರಿಂದ ರಸಾಯನಶಾಸ್ತ್ರದ ಅಂಗಳದಲ್ಲಿ ನಿಯಮ ನೆಟ್ಟಗೆ ನಿಂತಿದೆ.

ನನ್ನ ವಿನಂತಿ ಎರಡು. ಪ್ರಶ್ನೆಪತ್ರಿಕೆ ತಯಾರಿಸುವವರು ‘ಹಿಂದಕ್ಕೆ ತರಬಹುದೇ’ ಎಂಬ ಒರೆಗಲ್ಲನ್ನು ಕೈಬಿಟ್ಟು, ‘ಹೊಸ ವಸ್ತು ಯಾವುದು, ಅದಕ್ಕೆ ಸಾಕ್ಷಿ ಏನು’ ಎಂದು ಕೇಳುವಂತಾಗಬೇಕು. ಪ್ರತಿ ಶಾಲೆಯಲ್ಲಿಯೂ ಒಂದು ತಕ್ಕಡಿ ಬೀರುವಿನಿಂದ ಹೊರಗೆ, ಮಕ್ಕಳ ಕೈಗೆ ಸಿಗುವಲ್ಲಿ ಇರಬೇಕು. ಕೆಲವು ನೂರು ರೂಪಾಯಿಗೆ ಸಿಗುವ ಅಡುಗೆಮನೆಯ ಡಿಜಿಟಲ್ ತಕ್ಕಡಿಯೂ ಸಾಕು. ನಾವು ಕಲಿಸುತ್ತಿದ್ದಾಗ ಒಂಬತ್ತನೆಯ ತರಗತಿಯ ಪಾಠದಲ್ಲಿ ಫ್ಲಾಸ್ಕಿನೊಳಗೆ ದಾರದಿಂದ ಪುಟ್ಟ ನಳಿಕೆಯನ್ನು ಇಳಿಬಿಟ್ಟು, ಎರಡು ದ್ರಾವಣಗಳನ್ನು ಮುಚ್ಚಿದ ಪಾತ್ರೆಯಲ್ಲಿಯೇ ಬೆರೆಸುವ ಪ್ರಯೋಗವಿತ್ತು. ರಾಸಾಯನಿಕಗಳಿಲ್ಲವೆಂದು ಅದನ್ನು ಬಾಯಿಪಾಠ ಮಾಡಿಸಿದ ಶಾಲೆಗಳನ್ನು ನಾನು ಬಲ್ಲೆ. ಅದರ ಬದಲಿಗೆ ಎರಡು ಲೀಟರಿನ ತಂಪುಪಾನೀಯದ ಪ್ಲಾಸ್ಟಿಕ್ ಬಾಟಲಿಗೆ ಅರ್ಧ ಲೋಟ ನಿಂಬೆರಸ ಹಾಕಿ, ಒಂದು ಚಿಕ್ಕ ಚಮಚ ಅಡುಗೆ ಸೋಡಾವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ಒಳಗಿಳಿಸಿ, ಕೂಡಲೇ ಮುಚ್ಚಳ ಬಿಗಿದು ತೂಗಲಿ. ಅಲುಗಾಡಿಸಿದರೆ ನೊರೆ ಎದ್ದು ಬಾಟಲಿ ಕಲ್ಲಿನಂತೆ ಬಿರುಸಾಗುತ್ತದೆ, ತೂಕ ಮಾತ್ರ ಅಷ್ಟೇ ಇರುತ್ತದೆ. ಮುಚ್ಚಳವನ್ನು ಮೆಲ್ಲಗೆ ಸಡಿಲಿಸಿದರೆ ಬುಸ್ಸೆಂದು ಅನಿಲ ಹೊರಬಿದ್ದು ತಕ್ಕಡಿಯ ಅಂಕೆ ಸುಮಾರು ಎರಡು ಗ್ರಾಂ ಇಳಿಯುತ್ತದೆ. ಗಾಜಿನ ಬಾಟಲಿಯನ್ನು ಬಳಸಬಾರದು, ಸೋಡಾದ ಪ್ರಮಾಣವನ್ನು ಹೆಚ್ಚಿಸಲೂ ಬಾರದು. ಬಾಟಲಿಯ ಬಾಯಿಗೆ ಬಲೂನು ಕಟ್ಟುವ ರೂಢಿಯೂ ಇದೆ. ಆದರೆ ಉಬ್ಬಿದ ಬಲೂನನ್ನು ಸುತ್ತಲಿನ ಗಾಳಿ ಲೀಟರಿಗೆ ಒಂದು ಗ್ರಾಮಿಗಿಂತ ತುಸು ಹೆಚ್ಚು ಎತ್ತಿಹಿಡಿಯುವುದರಿಂದ, ಏನೂ ಹೊರಹೋಗದಿದ್ದರೂ ತೂಕ ಇಳಿದಂತೆ ಕಂಡು ಮಕ್ಕಳು ತಪ್ಪು ತೀರ್ಮಾನಕ್ಕೆ ಬರುತ್ತಾರೆ.

ಮೊಮ್ಮಗಳು ತನ್ನ ಉತ್ತರವನ್ನು ತಾನೇ ಪರೀಕ್ಷಿಸಲು ಹೊರಟಿದ್ದಾಳೆ. ಒಣಗಿಸಿ ಜರಡಿಯಾಡಿದ ಅರಳಿದ ಸುಣ್ಣವನ್ನು 74 ಗ್ರಾಂ ತೂಗಿ, ಅಗಲವಾದ ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಜಗಲಿಯ ಕಿಟಕಿಯ ಹತ್ತಿರ ಇಟ್ಟಿದ್ದಾಳೆ. ಒಂದು ದಿನ ಬಿಟ್ಟು ಒಂದು ದಿನ ಸ್ವಲ್ಪ ನೀರು ಚಿಮುಕಿಸುತ್ತಾಳೆ, ಏಕೆಂದರೆ ತೀರ ಒಣಗಿದ ಸುಣ್ಣ ಗಾಳಿಯನ್ನು ಬೇಗ ಹೀರುವುದಿಲ್ಲ. ಭಾನುವಾರ ತಟ್ಟೆಯನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ತೂಗುತ್ತಾಳೆ, ಇಲ್ಲವಾದರೆ ನೀರಿನ ತೂಕವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಕಣ್ಣಿಗೆ ಸುಣ್ಣದ ಹಿಟ್ಟು ಹಾರದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಪೂರ್ತಿ ಮರಳಿದರೆ 100 ಗ್ರಾಂ ಆಗಬೇಕು. ಮೂರು ಭಾನುವಾರ ಕಳೆದಿವೆ, ನೋಟುಪುಸ್ತಕದಲ್ಲಿ ಅಂಕೆ ಪ್ರತಿ ವಾರವೂ ಮೇಲೇರಿದೆ, ನೂರಕ್ಕೆ ಇನ್ನೂ ಸಾಕಷ್ಟು ದೂರವಿದೆ. ಮಳೆ ಹಿಡಿಯುವ ಮೊದಲು ಎಷ್ಟಾಗುತ್ತದೋ ಎಂದು ಇಬ್ಬರೂ ಕಾಯುತ್ತಿದ್ದೇವೆ.

ಇತಿ,
ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕ,
ಕುಮಟಾ ತಾಲ್ಲೂಕು, ಉತ್ತರ ಕನ್ನಡ